ಎರಡು ಅಡಿ ಒಂದು ಅಂಗುಲ

೭ ಏಪ್ರಿಲ್ ೧೯೬೩, ಭಾನುವಾರ

ಬೆಳಗಿನ ಜಾವ ನಾಲ್ಕು ಹತ್ತು. ತಮಟೆಯನ್ನು ಬೆರಳಿನಿಂದ ತಟ್ಟಿ ನೋಡುವಂಥ ಸದ್ದಿಗೆ ಎಚ್ಚರವಾಯಿತು. ಹಿತ್ತಲಿನಲ್ಲಿ ಅಂಬಿಗ ಕರಿಯಯ್ಯ ಹರಿಗೋಲನ್ನು ಕವುಚಿ ಹಾಕಿಕೊಂಡು, ತೊಗಲು ಒಣಗಿದೆಯೋ ಇಲ್ಲವೋ ಎಂದು ಸುತ್ತಲೂ ತಟ್ಟುತ್ತಿದ್ದ. ಮಗು ಕಣ್ಣು ಮುಚ್ಚಿದ್ದು ಮೂರೂವರೆಗೆ. ನನಗೆ ಸಿಕ್ಕಿದ್ದು ನಲವತ್ತು ನಿಮಿಷ. ಕಿಟಕಿಯಿಂದ, "ಕರಿಯಯ್ಯ, ಸ್ವಲ್ಪ ಮೆಲ್ಲಗೆ" ಎಂದೆ.

"ತಟ್ಟಿ ನೋಡ್ದೆ ನೀರಿಗೆ ಬುಟ್ರೆ ನಿಮ್ಮೆಜಮಾನ್ರು ಮಡುವಲ್ಲೇ ಮನೆ ಮಾಡ್ಬೇಕಾಯ್ತದೆ ಕಣ್ರವ್ವ" ಎಂದ.

ಇವರು ನಗುತ್ತ ಲಾಟೀನು ಹಿಡಿದು ಹೊರಟರು.

ಭಾನುವಾರದ ಈ ಓಡಾಟ ಶುರುವಾದದ್ದು ನನ್ನಿಂದಲೇ. ಮೈಸೂರಿನಲ್ಲಿ ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿದಾಗ ನಮ್ಮ ಪ್ರೊಫೆಸರು, ಹೊಳೆಯ ಒಂದು ಮಡುವನ್ನು ಹಿಡಿದು ಅದರೊಳಗೆ ಏನೇನಿದೆ ಎಂದು ಒಂದು ವರ್ಷ ಪಟ್ಟಿ ಮಾಡು, ಮುಂದಿನ ಓದಿಗೆ ದಾರಿಯಾಗುತ್ತದೆ ಎಂದಿದ್ದರು. ಮದುವೆಯಾಗಿ ಬಂದದ್ದು ಹೇಮಾವತಿಯ ದಡಕ್ಕೇ. ಇವರು ಇಲ್ಲಿನ ಅಣೆಕಟ್ಟೆಯ ಓವರ್‌ಸೀಯರು. ಅಕ್ಕಿಹೆಬ್ಬಾಳಿನಿಂದ ಒಂದೂವರೆ ಮೈಲಿ ಆಚೆ, ಹೊಳೆಯ ಪಕ್ಕದಲ್ಲಿ, ನಮ್ಮದೊಂದೇ ಕ್ವಾರ್ಟರ್ಸು. ಅಣೆಕಟ್ಟೆಯಿಂದ ಕೆಳಗೆ ಕೂಗಳತೆಯಲ್ಲಿ ಗುಂಡುಮಡು. ಹೋದ ವರ್ಷವೆಲ್ಲ ಮೂವರೂ ಹೋಗುತ್ತಿದ್ದೆವು. ಇವರು ಸೀಮೆಎಣ್ಣೆ ಡಬ್ಬದ ತಳ ಕತ್ತರಿಸಿ ಗಾಜು ಕೂರಿಸಿ ಕೊಟ್ಟಿದ್ದರು. ಅದನ್ನು ನೀರಿನ ಮೇಲೆ ಒತ್ತಿ ಹಿಡಿದು ಇಣುಕಿದರೆ ಬೇಸಿಗೆಯಲ್ಲಿ ತಳದ ಮರಳಿನವರೆಗೂ ಕಾಣುತ್ತಿತ್ತು. ನಾನು ಬೆರಳು ತೋರಿಸಿದ ಕಡೆ ಕರಿಯಯ್ಯ ಸೊಂಟಕ್ಕೆ ಕಲ್ಲು ಕಟ್ಟಿಕೊಂಡು ಇಳಿಯುತ್ತಿದ್ದ. ಎರಡು ನಿಮಿಷ ಉಸಿರು ಕಟ್ಟುತ್ತಾನೆ. ಇವರೂ ಇಳಿಯುತ್ತಾರೆ, ಮುಕ್ಕಾಲು ನಿಮಿಷಕ್ಕೆ ಕೆಮ್ಮುತ್ತ ಬರುತ್ತಾರೆ.

ಈಗ ಮಗುವಿಗೆ ನಾಲ್ಕು ತಿಂಗಳು. ಅವರು ನೋಡಿ ಬಂದು ಹೇಳುತ್ತಾರೆ, ನಾನು ಬರೆಯುತ್ತೇನೆ.

ಇಂದಿನದು: ಗಿರ್ಲು ಮೀನು ಆರು. ಬಂಡೆಯ ಸಂದಿಯಲ್ಲಿ ಹಾವುಮೀನು ಒಂದು, ತಲೆ ಮಾತ್ರ ಕಂಡದ್ದು. ಅಂಗೈಯಗಲದ ಕಪ್ಪೆಚಿಪ್ಪು ಹದಿನಾಲ್ಕು. ಮೆತ್ತನೆ ಚಿಪ್ಪಿನ ಆಮೆ ಒಂದು. ಕರಿಯಯ್ಯನ ಹೆಬ್ಬೆರಳು ಕಚ್ಚಿ ಹೋಯಿತಂತೆ. "ಅದ್ರ ಅಲ್ಲು ಎಣಿಸ್ಕೊಂಡ್ ಬಾ ಅಂತ ನೀವೇನು ಯೋಳಿರ್ನಿಲ್ವಲ್ಲ" ಎಂದ. ಆಮೆಗೆ ಹಲ್ಲಿಲ್ಲ ಎಂದೆ. ಬೆರಳು ತೋರಿಸಿ, "ಇದುಕ್ಕೆ ಯೋಳಿ ಅದ" ಎಂದ.

ಬಹಳ ದಿನಕ್ಕೆ ನಕ್ಕೆ. ಆ ನಗುವಿಗೆ ಮಗು ಎದ್ದಿತು.

೧೦ ಏಪ್ರಿಲ್, ಬುಧವಾರ

ಕಣ್ಣಿಗೆ ಮರಳು ತುಂಬಿದಂತಿದೆ. ಮಗು ರಾತ್ರಿಯೆಲ್ಲ ಅತ್ತು ಬೆಳಗಿನ ಆರಕ್ಕೆ ಮಲಗುತ್ತದೆ. ಎಂಟಕ್ಕೆ ಸರಿಯಾಗಿ ಫೋನು.

ಅದು ಇಲಾಖೆಯ ಫೋನು, ನಡುಮನೆಯ ಗೋಡೆಯಲ್ಲಿದೆ. ಮರದ ಪೆಟ್ಟಿಗೆ, ಮೇಲೆ ಎರಡು ಹಿತ್ತಾಳೆ ಬಟ್ಟಲು, ನಡುವೆ ಬಡಿಯುವ ನಾಲಗೆ, ಪಕ್ಕದಲ್ಲಿ ಕರೆ ಮಾಡಲು ತಿರುಗಿಸುವ ಹಿಡಿ. ಬಡಿದರೆ ಗೋಡೆಯೇ ನಡುಗುತ್ತದೆ. ಹದಿನೈದು ಮೈಲಿ ಮೇಲೆ, ಹೊಳೆಯಲ್ಲಿ ಅಳತೆ ಬರೆದ ಕಲ್ಲು ನೆಟ್ಟಿದ್ದಾರೆ. ಅದನ್ನು ನೋಡಿಕೊಳ್ಳುವವನು ಕುಳ್ಳಯ್ಯ. ದಿನಾ ಎಂಟಕ್ಕೆ ನೀರು ಎಷ್ಟಿದೆ ಎಂದು ಹೇಳುತ್ತಾನೆ. ಇಲ್ಲಿ ರಿಜಿಸ್ಟರಿನಲ್ಲಿ ಬರೆದುಕೊಳ್ಳಬೇಕು. ಒಂದಡಿಗಿಂತ ಹೆಚ್ಚು ಏರಿದೆ ಎಂದರೆ ಅಂಗಳದಲ್ಲಿ ತೂಗುಹಾಕಿದ ರೈಲು ಕಂಬಿಯನ್ನು ಬಡಿಯಬೇಕು. ಕೆಳಗೆ ಹೊಳೆಯಲ್ಲಿ ಬಟ್ಟೆ ಒಗೆಯುವವರು, ದನ ತೊಳೆಯುವವರು ಎಲ್ಲ ಮೇಲೆ ಬರುತ್ತಾರೆ. ವಾರದ ದಿನ ಇದು ನೀರುಗಂಟಿ ಬೋರಯ್ಯನ ಕೆಲಸ. ಭಾನುವಾರ ಅವನಿಗೆ ರಜೆ, ಇವರು ಮಡುವಿಗೆ, ಹಾಗಾಗಿ ನನ್ನದು. ಇವತ್ತು ಬೋರಯ್ಯನಿಗೆ ಜ್ವರ, ಇವತ್ತೂ ನನ್ನದೇ.

"ಎಳ್ಡಡಿ ಒಂದಂಗ್ಲ ಅಮ್ಮಾವ್ರೆ. ನಿನ್ನೇನೂ ಅಷ್ಟೆ, ಮೊನ್ನೇನೂ ಅಷ್ಟೆ. ವೊಳೆಗೂ ನಿದ್ದೆ ಬಂದ್ಬುಟ್ಟದೆ" ಎಂದ ಕುಳ್ಳಯ್ಯ. ಹಿಂದೆ ಮಗು ಅಳುವುದು ಅವನಿಗೆ ಕೇಳಿಸಿತು. "ನನ್ ಗಂಟೆಗೇ ಎದ್ದದೇನೋ. ತೆಪ್ಪಾಯ್ತು ಕಣ್ರವ್ವ. ಮೆಲ್ಲುಗ್ ತಿರುಗ್ಸಿದ್ರೂ ಅದು ಅಂಗೇ ಬಡ್ಕೊಳ್ತದೆ."

ಬೇಸಿಗೆಯಲ್ಲಿ ಬೋರಯ್ಯ ಒಂದೊಂದು ಸಲ ವಾರದ್ದೆಲ್ಲ ಒಟ್ಟಿಗೆ ಬರೆದುಬಿಡುತ್ತಾನೆ, ಎಲ್ಲ ದಿನವೂ ಎರಡು ಅಡಿ ಒಂದು ಅಂಗುಲ. ಇವರಿಗೆ ಗೊತ್ತು. "ಬರೆದರೂ ಅದೇ, ಬಿಟ್ಟರೂ ಅದೇ" ಎನ್ನುತ್ತಾರೆ.

೧೪ ಏಪ್ರಿಲ್, ಭಾನುವಾರ

ಇಂದಿನದನ್ನು ಮೊದಲು ಬರೆದುಬಿಡುತ್ತೇನೆ.

ಹತ್ತೂವರೆಗೆ ಬಂದರು. ಇವರು ತಲೆ ಒರೆಸಿಕೊಳ್ಳದೆ, "ಗೌರಾ, ಇವನೇನೋ ನೋಡಿದಾನೆ, ನೀನೇ ಕೇಳು" ಎಂದರು.

"ಚತ್ರಿ ಕಣ್ರವ್ವ" ಎಂದ ಕರಿಯಯ್ಯ. "ನಾಕಾಣೆ ಅಗಲುದ್ ಚತ್ರಿ. ಗಾಜಿನ್ ಅಂಗೆ. ಒಂದಲ್ಲ ಎಳ್ಡಲ್ಲ, ನೂರಾರು. ಮುಚ್ಕೋತವೆ, ಬಿಚ್ಕೋತವೆ, ಮ್ಯಾಕ್ ಓಯ್ತವೆ. ಕೈಗೆ ಸಿಕ್ಕಲ್ಲ, ಸಿಕ್ಕುದ್ರೂ ಬರೀ ನೀರು. ನಮ್ಮಪ್ಪ ಇದ ಒಂದ್ಸಲ ಯೋಳಿದ್ದ, ಕುಡುದ್ಬುಟ್ಟವ್ನೆ ಅನ್ಕಂಡಿದ್ದೆ."

ಅಂಬಲಿಮೀನು. ಸಮುದ್ರದಲ್ಲಿರುವಂಥದ್ದು, ಅದರ ಬಳಗದ್ದೊಂದು ಸಿಹಿನೀರಿನಲ್ಲೂ ಉಂಟು, ಬೇಸಿಗೆಯಲ್ಲಿ ಹೊಳೆ ನಿಂತ ನೀರಾದಾಗ ಕೆಲವು ದಿನ ಕಾಣಿಸಿಕೊಂಡು ಮಾಯವಾಗುತ್ತದೆ ಎಂದು ಓದಿದ್ದೆ. ಓದಿದ್ದೆ, ಅಷ್ಟೆ. ಅದು ನನ್ನ ಮನೆಯಿಂದ ಕೂಗಳತೆಯಲ್ಲಿ ಇದೆ, ನಾನಿಲ್ಲಿ ಎದೆ ಸೋರಿದ ಸೀರೆ ಉಟ್ಟುಕೊಂಡು ನಿಂತಿದ್ದೇನೆ.

"ಒಂದಾದರೂ ಬೇಕು, ಜೀವಂತ. ಅಗಲ ಬಾಯಿನ ಸೀಸೆ ಕೊಡ್ತೀನಿ, ನೀರಿನೊಳಗೇ ಮುಚ್ಚಳ ಹಾಕಬೇಕು" ಎಂದೆ.

"ಆಳದಲ್ಲವೆ ಕಣವ್ವ, ಬಂಡೆ ಸಂದೀಲಿ. ಸೀಸೆ ಹಿಡ್ಕಂಡು ಮೂರ್ನಾಕ್ ಸಲ ಇಳೀಬೇಕು."

"ಇಳಿ" ಎಂದೆ.

ಇನ್ನೊಂದು ಸಂತೋಷ. ಎಂಟರ ಫೋನು ಮುಗಿದ ಮೇಲೆ ಮಗುವಿನ ಜುಬ್ಬವೊಂದನ್ನು ಮಡಿಸಿ ಎರಡು ಬಟ್ಟಲುಗಳ ನಡುವೆ ತುರುಕಿದೆ. ನಾಲಗೆ ಅಲ್ಲಾಡುವುದಿಲ್ಲ. ಒಂದು ಗಂಟೆ ಹತ್ತು ನಿಮಿಷ ಮಲಗಿದೆ, ಕನಸೂ ಇಲ್ಲದೆ. ಮಗುವಿಗೆ ಎಣ್ಣೆ ನೀರು ಹಾಕಲು ಬರುವ ಮಾದಮ್ಮ, ಕರಿಯಯ್ಯನ ಅಕ್ಕ, ನೋಡಿ ನಕ್ಕಳು. "ಗೋಡೇಗೂ ಜುಬ್ಬ ಹಾಕ್ಬುಟ್ರಾ?"

೧೮ ಏಪ್ರಿಲ್, ಗುರುವಾರ

ಅತ್ತೆ ಶ್ರೀರಂಗಪಟ್ಟಣದಿಂದ ಕಾಗದ ಬರೆದಿದ್ದಾರೆ. ಈ ಭಾನುವಾರ ಮಗುವನ್ನು ಕರಿಘಟ್ಟಕ್ಕೆ ಕರೆದುಕೊಂಡು ಬನ್ನಿ, ಹರಕೆ ತೀರಿಸೋಣ ಎಂದು. ಇವರು, "ಹೋಗಿ ಬರೋಣ, ನಿನಗೂ ಎರಡು ದಿನ ಅಮ್ಮನ ಹತ್ತಿರ ನಿದ್ದೆ ಸಿಗುತ್ತೆ" ಎಂದರು. ನಾನು ಒಪ್ಪಲಿಲ್ಲ. ಮುಂದಿನ ವಾರಕ್ಕೆ ಅವು ಇರುತ್ತವೋ ಇಲ್ಲವೋ. ಬೆಟ್ಟ ಎಲ್ಲಿಗೂ ಹೋಗುವುದಿಲ್ಲ ಎಂದೆ. ಮುಖ ಸಣ್ಣ ಮಾಡಿಕೊಂಡು, "ಆಯ್ತು ಬಿಡೆ, ನಿನ್ನ ಛತ್ರಿ ತಂದುಕೊಡ್ತೀನಿ" ಎಂದರು.

ಮಗು ರಾತ್ರಿ ಮೂರು ಸಲ ಕಕ್ಕಿತು.

೨೧ ಏಪ್ರಿಲ್, ಭಾನುವಾರ

ಹೊಳೆ ಬಂತು. ಹತ್ತೂ ಮುಕ್ಕಾಲಿಗೆ. ಮೇಲೆ ಎಲ್ಲೋ ರಾತ್ರಿ ದೊಡ್ಡ ಮಳೆಯಾಗಿದೆ. ಕರಿಯಯ್ಯ ನೀರೊಳಗಿದ್ದ. ಇವರು ಬದುಕಿದ್ದಾರೆ. ಅವನನ್ನು ಗಾಡಿಯಲ್ಲಿ ಹಾಕಿಕೊಂಡು ಹೋಗಿದ್ದಾರೆ.

ಫೋನು ಬರಲಿಲ್ಲ.

೨೨ ಏಪ್ರಿಲ್, ಸೋಮವಾರ

ಇವರು ಮಂಡ್ಯದ ಆಸ್ಪತ್ರೆಯಿಂದ ಸಂಜೆ ಬಂದರು. ಅಂಗಿಯ ಮೇಲೆಲ್ಲ ರಕ್ತ, ಇವರದಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಬರೆಯುತ್ತೇನೆ.

ಕರಿಯಯ್ಯ ನಾಲ್ಕನೆಯ ಸಲ ಇಳಿದಿದ್ದ. ಇವರು ಹರಿಗೋಲಿನಲ್ಲಿದ್ದರು. ನೀರು ಒಮ್ಮೆಲೇ ಕೆಂಪಾಯಿತು, ಆಮೇಲೆ ಸದ್ದು. ಅವನು ಮೇಲೆ ಬಂದು ಸೀಸೆಯನ್ನು ಒಳಗೆ ಎಸೆದು, ಹರಿಗೋಲಿನ ಅಂಚು ಹಿಡಿದು ದಡದ ಕಡೆ ನೂಕಿದ. ಇವರು ಕೈ ಕೊಟ್ಟರು. ಅಷ್ಟರಲ್ಲಿ ಅವನ ಎಡಗಾಲು ಎರಡು ಬಂಡೆಗಳ ನಡುವೆ ಸಿಕ್ಕಿತು, ಮೇಲಿನಿಂದ ಒಂದು ಮರದ ದಿಮ್ಮಿ ಬಂದು ಬಡಿಯಿತು. ಹಗ್ಗ ಹಾಕಿ ಎಳೆಯುವ ಹೊತ್ತಿಗೆ ಮೊಣಕಾಲಿನ ಕೆಳಗೆ ಏನೂ ಉಳಿದಿರಲಿಲ್ಲ. ಇವತ್ತು ಬೆಳಿಗ್ಗೆ ಕತ್ತರಿಸಿದರು.

ನಾನು ಕಂಬಿ ಬಡಿದೆ. ಸದ್ದು ಕೇಳಿದ ಕೂಡಲೇ ಓಡಿ ಹೋಗಿ ಬಡಿದೆ, ಅಂಗೈ ಬೊಬ್ಬೆ ಬರುವವರೆಗೆ. ಅದಕ್ಕೆ ಮೊದಲು ನನಗೆ ಹೇಗೆ ಗೊತ್ತಾಗಬೇಕು?

ಇವರು ರಿಜಿಸ್ಟರು ತೆಗೆದು ನೋಡಿದರು. ೨೧ರ ಎದುರಿಗೆ, ಎಂಟು ಗಂಟೆ, ಎರಡು ಅಡಿ ಒಂದು ಅಂಗುಲ. ನನ್ನ ಅಕ್ಷರ. "ಎಂಟಕ್ಕೆ ಇಷ್ಟೇ ಅಂದನಾ ಕುಳ್ಳಯ್ಯ?" ಎಂದರು. ನಾನು ಹೌದೆಂದು ತಲೆ ಆಡಿಸಿದೆ. "ಕುಡಿದು ಬಿದ್ದಿದ್ದಾನೆ ಬೋಳಿಮಗ. ಕಲ್ಲು ನೋಡದೆ ಬಾಯಿಗೆ ಬಂದದ್ದು ಹೇಳಿದಾನೆ" ಎಂದರು. ಇವರ ಬಾಯಲ್ಲಿ ಅಂಥ ಮಾತು ನಾನು ಕೇಳಿಯೇ ಇರಲಿಲ್ಲ.

೨೫ ಏಪ್ರಿಲ್, ಗುರುವಾರ

ಸೀಸೆ ಅಡುಗೆಮನೆಯ ಗೂಡಿನಲ್ಲಿದೆ. ಅದರಲ್ಲಿ ಮೂರು ಇದ್ದವು. ಸೋಮವಾರ ಎರಡು ಆಡುತ್ತಿದ್ದವು, ಮುಚ್ಚಿ, ಬಿಚ್ಚಿ. ಅಂಚಿನ ಎಳೆಗಳನ್ನು ಎಣಿಸಬೇಕಾಗಿತ್ತು, ಎಣಿಸಲಿಲ್ಲ. ಇವತ್ತು ನೋಡಿದರೆ ಸೀಸೆಯಲ್ಲಿ ನೀರು ಮಾತ್ರ. ಸತ್ತದ್ದೂ ಕಾಣುವುದಿಲ್ಲ, ಕರಗಿಬಿಡುತ್ತವೆ.

ಪಟ್ಟಿಯಲ್ಲಿ ಬರೆಯಲಿಲ್ಲ.

೨೮ ಏಪ್ರಿಲ್, ಭಾನುವಾರ

ಕುಳ್ಳಯ್ಯ ಬಂದಿದ್ದ. ಇದುವರೆಗೆ ಧ್ವನಿ ಮಾತ್ರ ಕೇಳಿದ್ದೆ. ಹೆಸರಿಗೆ ತಕ್ಕಂತೆ ಕುಳ್ಳನಲ್ಲ, ಎತ್ತರದ ಆಳು, ಐವತ್ತರ ಮೇಲಾಗಿರಬೇಕು. ರೈಲಿನಲ್ಲಿ ಬಂದು ಸ್ಟೇಷನ್ನಿನಿಂದ ಬಿಸಿಲಿನಲ್ಲಿ ನಡೆದು ಬಂದಿದ್ದ. ಇವರು ಮಂಡ್ಯಕ್ಕೆ ಹೋಗಿದ್ದರು. ಅವನು ಬಂದದ್ದು ನನ್ನನ್ನು ನೋಡಲಿಕ್ಕೇ.

ಜಗಲಿಯ ಕೆಳಗೇ ನಿಂತ. "ಅಮ್ಮಾವ್ರೆ, ಕೆಲಸದಿಂದ ತೆಗ್ದವ್ರೆ. ಸದ್ಯಕ್ಕೆ ಅಂತವ್ರೆ. ಏಳನೇ ತಾರೀಕು ಕಳುದ್ ಮೇಲೆ ಕೆ.ಆರ್. ಪೇಟೇಲಿ ಇಚಾರಣೆ" ಎಂದ.

ನಾನು ಕೂತುಕೋ ಎಂದೆ. ಕೂರಲಿಲ್ಲ.

"ನಾನು ಕುಡೀತೀನಿ. ಇಲ್ಲ ಅನ್ನಲ್ಲ. ಆವತ್ತು ಕುಡಿದಿರ್ನಿಲ್ಲ. ರಾತ್ರಿಯೆಲ್ಲ ಮಿಂಚು, ಬೆಳುಗ್ಗೆ ಕಲ್ಲು ನೋಡುದ್ರೆ ಆರಡಿ. ಎಂಟಕ್ಕೆ ಮಾಡ್ದೆ. ಎಂಟೂ ಅತ್ತುಕ್ ಮಾಡ್ದೆ. ಎಂಟೂವರೆ, ಒಂಬತ್ತು. ಕೈ ಸೋಲೋಗಂಟ ತಿರುಗ್ಸಿದೆ. ಯಾರೂ ಎತ್ನಿಲ್ಲ. ನನ್ ಪುಸ್ತಕದಲ್ಲಿ ಬರ್ದಿವ್ನಿ. ಆಮ್ಯಾಕೆ ಬರ್ಕಂಡಿದೀಯ ಅಂತವ್ರೆ. ಓವರ್‌ಸೀಯರ್ ಮನೇವ್ರು ಓದ್ದೋರು, ಅವ್ರು ಸುಳ್ಳು ಬರೀತಾರಾ ಅಂತವ್ರೆ."

ಒಳಗೆ ಮಗು ಮಲಗಿತ್ತು. ಅದು ಏಳಲಿ ಎಂದು ಬೇಡಿಕೊಂಡೆ. ಏಳಲಿಲ್ಲ.

"ನೀವು ಇತ್ಲಿಗೆ ಓಗಿದ್ರೇನೋ. ಮಗೀಗೆ ನೀರ್ ಹಾಕ್ತಿದ್ರೇನೋ. ಕೇಳಿಸ್ನಿಲ್ಲ ಅಂದ್ರೆ ಸಾಕು ಕಣ್ರವ್ವ. ನಿಮ್ಮುನ್ನ ಯಾರು ಏನಂದಾರು? ಬೋರಯ್ಯನ್ ಅಂಗೆ ನಿನ್ನೇದ ಬರ್ದಾಕ್ಬುಟ್ಟೆ ಅಂದ್ರೆ ಸಾಕು."

ಅವನು ಬಾಗಿಲನ್ನು ಇಷ್ಟು ಅಗಲ ತೆರೆದು ಹಿಡಿದಿದ್ದ. ಒಂದು ಹೆಜ್ಜೆ ಇಟ್ಟಿದ್ದರೆ ಆಗಿತ್ತು.

"ಮನೆಯಲ್ಲೇ ಇದ್ದೆ, ಕುಳ್ಳಯ್ಯ. ನನಗೆ ಗಂಟೆ ಕೇಳಿಸಲಿಲ್ಲ" ಎಂದೆ.

"ಹಂಗಾರೆ ಎಂಟರದ್ದು ಯಾರು ಯೋಳುದ್ರು?"

ನಾನು ಮಜ್ಜಿಗೆ ತರಲು ಒಳಗೆ ಹೋದೆ. ತಂದಾಗ ನಿಂತೇ ಕುಡಿದ. ಲೋಟ ತೊಳೆದು ಕವುಚಿಟ್ಟು, "ಮಗ ಚೆಂದಾಗೈತಾ?" ಎಂದು ಕೇಳಿ ಹೋದ.

೩ ಮೇ, ಶುಕ್ರವಾರ

ನಿದ್ದೆ ಇಲ್ಲ. ಮಗು ಈಗ ರಾತ್ರಿ ಆರು ಗಂಟೆ ಒಂದೇ ಸಮನೆ ಮಲಗುತ್ತದೆ.

೫ ಮೇ, ಭಾನುವಾರ

ಇವರು ಆಸ್ಪತ್ರೆಯಿಂದ ಬಂದು ಊಟಕ್ಕೆ ಕೂತರು. ಕರಿಯಯ್ಯ ಎದ್ದು ಕೂರುತ್ತಿದ್ದಾನಂತೆ. "ಏನು ಕೇಳಿದ ಗೊತ್ತೇನೆ? ಅವ್ವಾರಿಗೆ ಚತ್ರಿ ಸಿಕ್ತಾ, ಎಷ್ಟಿದ್ವು ಅಂದ. ಮೂರು ಅಂದೆ. ನಾನು ಐದು ತುಂಬಿದ್ನಲ್ಲ ಅಂದ."

ನಾನು ಅನ್ನ ಬಡಿಸುತ್ತಿದ್ದೆ. ಇವರು ಮಾತು ಮುಂದುವರಿಸಿದರು. ಬುಧವಾರ ಹತ್ತು ಗಂಟೆಗೆ ವಿಚಾರಣೆ. ಮೊದಲ ಹೇಳಿಕೆಗೆ ಇವರು ಆಗಲೇ ರುಜು ಹಾಕಿದ್ದಾರೆ: ಎಂಟು ಗಂಟೆಗೆ ಕುಳ್ಳಯ್ಯನ ಫೋನು ಬಂದಿತ್ತು, ಎರಡು ಅಡಿ ಒಂದು ಅಂಗುಲ ಎಂದು ಹೇಳಿದ. ಬುಧವಾರ ಅದನ್ನೇ ಎಲ್ಲರ ಎದುರಿಗೆ ಹೇಳಬೇಕು. ಆಮೇಲೆ ಅವನ ಕೆಲಸ ಹೋದ ಹಾಗೆಯೇ. ಪೊಲೀಸು ಕೇಸೂ ಆಗಬಹುದು.

"ಅವನಿಗೆ ಮಕ್ಕಳಿದ್ದಾರಾ?" ಎಂದೆ.

"ಕರಿಯಯ್ಯನಿಗೂ ಇದ್ದಾರೆ" ಎಂದರು.

ಕೇಳಿಸಲಿಲ್ಲ ಎಂದು ಅವನಿಗೆ ಹೇಳಿದ್ದು ಸುಳ್ಳಲ್ಲ. ನನಗೆ ನಿಜವಾಗಿಯೂ ಕೇಳಿಸಲಿಲ್ಲ. ಇದನ್ನು ಬರೆದು ಎರಡು ಸಲ ಓದಿದೆ.

೬ ಮೇ, ಸೋಮವಾರ

ಬೆಳಿಗ್ಗೆ ಮಾದಮ್ಮ ಬಂದಳು. ಹದಿನೈದು ದಿನದಿಂದ ಅವಳು ಹೆಚ್ಚು ಮಾತಾಡುವುದಿಲ್ಲ. ಕಾಲು ನೀಡಿ ಕೂತು, ಮೊಣಕಾಲಿನ ಮೇಲೆ ಮಗುವನ್ನು ಬೋರಲು ಹಾಕಿಕೊಂಡು ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದಳು. ಆಗ ಕೆ.ಆರ್. ಪೇಟೆಯಿಂದ ಫೋನು ಬಂತು, ಇವರಿಗೆ. ಮಗು ಬೆಚ್ಚಿ ಕಿರುಚಿತು. ಇವರು ಮಾತಾಡಿ ಹೊರಗೆ ಹೋದ ಮೇಲೆ ಮಾದಮ್ಮ ಕತ್ತೆತ್ತಿ ಗೋಡೆ ನೋಡಿದಳು.

"ಈಗ್ಯಾಕವ್ವ ಅದುಕ್ಕೆ ಜುಬ್ಬ ತುರುಕಲ್ಲ?"

ನಾನು ಎಣ್ಣೆ ಬಟ್ಟಲನ್ನು ಅವಳ ಹತ್ತಿರಕ್ಕೆ ಸರಿಸಿದೆ.

"ಆವತ್ತು ನಾನು ಬಂದಾಗ ತುರುಕಿತ್ತು. ವೊಳೆ ಬಂದ್ ಭಾನ್ವಾರ. ಒಂಬತ್ತರ ಸುಮಾರು. ನೀವೂ ಮಗೂವೂ ಮಲಗಿದ್ರಿ. ಪಾಪ ನಿದ್ದೆ ಇಲ್ದೆ ಒದ್ದಾಡ್ತದೆ, ಮಲೀಕಳ್ಳಿ, ಮಧ್ಯಾನಕ್ ಬತ್ತೀನಿ ಅಂತ ಬಾಗ್ಲು ಮುಂದುಕ್ ಮಾಡ್ಕಂಡು ಓದೆ."

ಮತ್ತೆ ಎಣ್ಣೆ ತಿಕ್ಕತೊಡಗಿದಳು. ಆ ಪೆಟ್ಟಿಗೆ ಏನು ಕೆಲಸ ಮಾಡುತ್ತದೆ ಎಂದು ಅವಳಿಗೆ ತಿಳಿದಿದೆಯೋ ಇಲ್ಲವೋ, ಮುಖ ನೋಡಿದರೆ ಗೊತ್ತಾಗಲಿಲ್ಲ. ಮಗುವಿನ ಬೆನ್ನಿನ ಮೇಲೆ ಅವಳ ಕೈ ಮಾತ್ರ ಒಂದೇ ಸಮನೆ ಓಡಾಡುತ್ತಿತ್ತು.

೭ ಮೇ, ಮಂಗಳವಾರ

ಇವರು ಮೂರು ಗಂಟೆಯ ಬಸ್ಸಿಗೆ ಕೆ.ಆರ್. ಪೇಟೆಗೆ ಹೋದರು. ರಾತ್ರಿ ಅಲ್ಲಿಯ ಐ.ಬಿ. ಬಂಗಲೆಯಲ್ಲಿ ಇರುತ್ತಾರೆ. ಇಸ್ತ್ರಿ ಮಾಡಿದ ಅಂಗಿ ಮಡಿಸಿಕೊಟ್ಟೆ. ಬಾಗಿಲಲ್ಲಿ, "ರೀ" ಎಂದೆ. ತಿರುಗಿ ನೋಡಿದರು. "ಹಾಲು ಒಡೆದಿದೆ, ಅಲ್ಲೇ ಕಾಫಿ ಕುಡೀರಿ" ಎಂದೆ.

ನಾಲ್ಕಕ್ಕೆ ಮಾದಮ್ಮ ಬಂದಳು. ನಾಳೆ ಮಂಡ್ಯಕ್ಕೆ ತಮ್ಮನನ್ನು ನೋಡಲು ಹೋಗುತ್ತಾಳೆ. ಇವತ್ತೇ ಕೊನೆಯ ಬಸ್ಸಿಗೆ ಹೊರಟು ರಾತ್ರಿ ಕೆ.ಆರ್. ಪೇಟೆಯಲ್ಲಿ ಮಗಳ ಮನೆಯಲ್ಲಿ ಉಳಿಯುತ್ತಾಳೆ. ಅದಕ್ಕೇ ಇವತ್ತು ನೀರು ಹಾಕುವುದು ಸಂಜೆಗೆ ಇಟ್ಟುಕೊಂಡಿದ್ದಳು. ಅವಳು ಮಗುವಿನ ತಲೆಗೆ ನೀರು ಹುಯ್ಯುತ್ತಿದ್ದಾಗ ಹೇಳಿದೆ. ನಿಂತುಕೊಂಡೇ ಹೇಳಿದೆ, ಕೂತರೆ ಅಳುತ್ತೇನೆ ಎಂದು. ಜುಬ್ಬ ಯಾಕೆ ತುರುಕಿದೆ, ಆ ಗಂಟೆ ಬಡಿದಿದ್ದರೆ ಏನು ಆಗುತ್ತಿತ್ತು, ಎಲ್ಲ. ಮಾದಮ್ಮ ಚೊಂಬನ್ನು ಕೆಳಗಿಡಲಿಲ್ಲ. ನೀರು ಹುಯ್ದು ಮುಗಿಸಿದಳು. ಮಗುವನ್ನು ಒರೆಸಿದಳು, ಸಾಂಬ್ರಾಣಿ ಹೊಗೆ ಹಿಡಿದಳು, ನೆತ್ತಿಗೆ ಬೊಟ್ಟಿಟ್ಟಳು, ಸುತ್ತಿ ನನ್ನ ಕೈಗೆ ಕೊಟ್ಟಳು. ದಿನಾ ಕುಡಿಯುವ ಕಾಫಿ ಕುಡಿಯಲಿಲ್ಲ.

"ನಾನ್ ಬಾಗ್ಲು ಮುಂದುಕ್ ಮಾಡ್ಕಂಡು ಓದೆ" ಎಂದಳು. ಆಮೇಲೆ, "ಯಜಮಾನ್ರಿಗೆ ಯೋಳಿದ್ರಾ?"

ಇಲ್ಲ ಎಂದೆ.

"ಬರ್ದು ಕೊಡಿ. ಬಸ್ಸಿಗೆ ವೊತ್ತಾಯ್ತದೆ."

ಜಗಲಿಯಲ್ಲಿ ನನಗೆ ಬೆನ್ನು ಹಾಕಿ ಕೂತಿದ್ದಾಳೆ. ಬೇರೆ ಕಾಗದ ತೆಗೆದುಕೊಂಡರೆ ನಾನು ತಿದ್ದುತ್ತೇನೆ, ಚೆಂದ ಮಾಡುತ್ತೇನೆ. ಅದಕ್ಕೆ ಈ ಪುಸ್ತಕವನ್ನೇ ಅವಳ ಕೈಯಲ್ಲಿ ನಿಮಗೆ ಕಳಿಸುತ್ತಿದ್ದೇನೆ. ನೀವು ಮೊದಲಿನಿಂದ ಓದಿ. ಇದನ್ನು ನಿಮಗಾಗಿ ಬರೆದಿರಲಿಲ್ಲ.

ಆ ಶನಿವಾರ ರಾತ್ರಿ ನೀವು ಮಲಗಿದ್ದಿರಿ. ನಾನು ಮಗುವನ್ನು ಹೆಗಲಿಗೆ ಹಾಕಿಕೊಂಡು ಓಡಾಡುತ್ತಿದ್ದೆ. ಪಡುವಲಲ್ಲಿ ಮಿಂಚು ನೋಡಿದೆ. ಎರಡು ಗಂಟೆಯವರೆಗೂ ಮಿಂಚುತ್ತಿತ್ತು. ಬೆಳಿಗ್ಗೆ ನಿಮಗೆ ಹೇಳಬೇಕು ಎಂದುಕೊಂಡೆ. ಕರಿಯಯ್ಯ ಬಂದಾಗ ಸೀಸೆ ಹುಡುಕಿ ಕೊಟ್ಟೆ, ಅದನ್ನು ಹೇಳಲಿಲ್ಲ. ಹೇಳಿದರೆ ನೀವು ಹೋಗುವುದು ನಿಲ್ಲುತ್ತದೆಯೇನೋ ಎಂದು ಮನಸ್ಸಿನ ಮೂಲೆಯಲ್ಲಿ ಇತ್ತು. ಆರೂವರೆಗೆ ಮಗು ಮಲಗಿತು. ಎಂಟಕ್ಕೆ ಐದು ನಿಮಿಷ ಇರುವಾಗ ತೆಗೆದರಾಯಿತು ಎಂದು ಜುಬ್ಬ ತುರುಕಿ ಪಕ್ಕದಲ್ಲಿ ಒರಗಿದೆ. ಎಚ್ಚರವಾದಾಗ ಹತ್ತು ಗಂಟೆ. ಜುಬ್ಬ ತೆಗೆದೆ. ಕುಳ್ಳಯ್ಯನಿಗೆ ತಿರುಗಿಸಿ ಕೇಳಬಹುದಾಗಿತ್ತು. ಕೇಳಿದ್ದರೆ ನಲವತ್ತೈದು ನಿಮಿಷ ಇತ್ತು, ಕಂಬಿ ಬಡಿಯಲು ಎರಡು ನಿಮಿಷ ಸಾಕು. ಎತ್ತಲಿಲ್ಲ ಎಂದು ಅವನು ಗೊಣಗುತ್ತಾನೆ ಎಂದು ನಾಚಿಕೆಯಾಯಿತು. ರಿಜಿಸ್ಟರು ತೆಗೆದು ಹಿಂದಿನ ದಿನದ್ದನ್ನು ನೋಡಿ ಬರೆದೆ. ಶಾಯಿ ಆರಲಿ ಎಂದು ಊದಿದೆ. ಒಲೆಯ ಮೇಲೆ ನೀರಿಟ್ಟೆ.

ನನಗೆ ಗೊತ್ತು. ರಿಜಿಸ್ಟರು ನಿಮ್ಮ ಹೆಸರಿನಲ್ಲಿದೆ, ಅದನ್ನು ನಾನು ಮುಟ್ಟಲೇ ಕೂಡದು. ಭಾನುವಾರ ನೀವು ಅಣೆಕಟ್ಟೆ ಬಿಟ್ಟು ಹೋಗಲೂ ಕೂಡದಾಗಿತ್ತು. ನಿಜ ಹೇಳಿದರೆ ಕುಳ್ಳಯ್ಯ ಉಳಿಯುತ್ತಾನೆ, ನೀವು ಉಳಿಯುತ್ತೀರೋ ಇಲ್ಲವೋ ಹೇಳಲಾರೆ. ಹದಿನಾರು ದಿನ ನಾನು ಬಾಯಿ ಮುಚ್ಚಿಕೊಂಡಿದ್ದದ್ದು ನಿಮಗಾಗಿ ಎಂದುಕೊಂಡಿದ್ದೆ. ಈ ಪುಟಗಳನ್ನು ತಿರುವಿದರೆ ಅದೂ ಕಾಣುತ್ತಿಲ್ಲ.

ನಾಳೆ ಆರು ಗಂಟೆಯ ಮೊದಲ ಬಸ್ಸಿಗೆ ಮಗುವನ್ನು ಎತ್ತಿಕೊಂಡು, ರಿಜಿಸ್ಟರು ತೆಗೆದುಕೊಂಡು ನಾನು ಹೊರಡುತ್ತೇನೆ. ಆದರೆ ನಿಮಗೆ ತಿಳಿಯದೆ, ನಾಲ್ಕು ಜನರ ಎದುರಿಗೆ, ನಿಮ್ಮ ರುಜುವಿಗೆ ಎದುರಾಗಿ ಮಾತಾಡಲಾರೆ. ಮಾತಾಡದೆ ಇರಲೂ ಆರೆ. ನೀವು ಇದನ್ನು ಓದಿದ್ದೀರಿ ಎಂದಷ್ಟು ತಿಳಿಯಬೇಕು. ಐದು ಗಂಟೆಯ ಮೇಲೆ ನಾನು ಇಲ್ಲಿಂದ ಮಾಡಿದರೆ ಆಫೀಸಿನಲ್ಲಿ ಎತ್ತುವವರಿಲ್ಲ. ಐ.ಬಿ.ಯ ಪಕ್ಕದಲ್ಲೇ ಆಫೀಸು. ಕಾವಲಿನವನಿಂದ ಬೀಗ ತೆಗೆಸಿ. ಬಯ್ಯಿರಿ, ಏನೂ ಮಾತಾಡದೆ ಸುಮ್ಮನೆ ಹಿಡಿದುಕೊಂಡಿರಿ, ಬರಬೇಡ ಎಂದು ಬೇಕಾದರೂ ಹೇಳಿ. ಫೋನು ಮಾಡಿ. ಹನ್ನೆರಡಾಗಲಿ, ಮೂರಾಗಲಿ, ಬೆಳಗಾಗುವುದರೊಳಗೆ ಮಾಡಿ. ಪೆಟ್ಟಿಗೆಯ ಕೆಳಗೆ ಚಾಪೆ ಹಾಕಿಕೊಂಡು ಕೂತಿರುತ್ತೇನೆ. ಮಗು ಏಳುತ್ತದೆ ಎಂದು ನೋಡಬೇಡಿ. ಎದ್ದರೆ ಏಳಲಿ. ಮಾಡಿ.